ಹೊಟ್ಟೆಗೆ ಹೋಗುವ ಸದ್ದನ್ನು ತೊಟ್ಟಿಯಲ್ಲಿ ಅಳೆದ ಕತೆ

ಗರ್ಭಿಣಿಯರ ಸ್ಕ್ಯಾನಿಂಗ್‌ನಲ್ಲಿ ಬಳಸುವುದು ಎಕ್ಸ್‌ರೇ ಅಲ್ಲ, ಕಿವಿಗೆ ಕೇಳದ ಸದ್ದು. ಅದು ಎಷ್ಟು ಜೋರಾಗಿ ಮಗುವನ್ನು ಮುಟ್ಟುತ್ತದೆ? ಗರ್ಭದೊಳಗೆ ಮಾಪಕ ಇಟ್ಟು ನೋಡಲಾಗದು. ಹಾಗಾಗಿ ಯಂತ್ರ ತಯಾರಿಸುವವರು ನೀರಿನ ತೊಟ್ಟಿಯಲ್ಲಿ ಹೈಡ್ರೋಫೋನ್ ಎಂಬ ಪುಟ್ಟ ಮೈಕ್ ಇಳಿಸಿ ಅಳೆಯುತ್ತಾರೆ.

ಈ ಸದ್ದು ಜೋರಾದರೆ ಜೀವಕ್ಕೆ ಅಪಾಯ ಎಂಬುದು ಮೊದಲೇ ಗೊತ್ತಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ವಿಜ್ಞಾನಿ ಪಾಲ್ ಲ್ಯಾಂಜವಿನ್ ಜಲಾಂತರ್ಗಾಮಿ ಹುಡುಕಲೆಂದು ಇದನ್ನು ನೀರಿಗೆ ಬಿಟ್ಟಾಗ, ಅಡ್ಡ ಬಂದ ಮೀನುಗಳು ಸತ್ತವು. ಕೈಯಿಟ್ಟರೆ ನೋಯುತ್ತಿತ್ತು. 1958ರಲ್ಲಿ ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಇಂಥದೇ ಸದ್ದನ್ನು ಮೆಲ್ಲಗೆ ಬಳಸಿ ಹೊಟ್ಟೆಯೊಳಗಿನ ಚಿತ್ರಗಳನ್ನು ಪ್ರಕಟಿಸಿದರು.

1976ರಲ್ಲಿ ಅಮೆರಿಕ ವೈದ್ಯಕೀಯ ಉಪಕರಣಗಳಿಗೆ ಕಾನೂನು ತಂದಿತು. ಆಗ ಬಳಕೆಯಲ್ಲಿದ್ದ ಯಂತ್ರಗಳ ತೀವ್ರತೆಯೇ ಮುಂದಿನ ಯಂತ್ರಗಳಿಗೆ ಮಿತಿಯಾಯಿತು. ಆದರೆ ನೀರು ಈ ಸದ್ದನ್ನು ಹೀರುವುದು ತೀರಾ ಕಡಿಮೆ, ದೇಹ ಹೀರುವುದು ಹೆಚ್ಚು. ಅದಕ್ಕೊಂದು ಕಳೆಯುವ ಲೆಕ್ಕ ಬಂತು: ಪ್ರತಿ ಸೆಂಟಿಮೀಟರ್ ಆಳಕ್ಕೆ, ಪ್ರತಿ ಮೆಗಾಹರ್ಟ್ಸ್‌ಗೆ 0.3 ಡೆಸಿಬೆಲ್. ಅಂದರೆ 3 ಮೆಗಾಹರ್ಟ್ಸ್ ಸದ್ದು ನೀರಿನಲ್ಲಿ 5 ಸೆಂಟಿಮೀಟರ್ ಆಳದಲ್ಲಿ 100 ಎಂದು ಸಿಕ್ಕರೆ, ದೇಹದಲ್ಲಿ ಸುಮಾರು 35 ಎಂದು ಅಂದಾಜು.

ಮೆದು ಮಾಂಸ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚೇ ಹೀರುತ್ತದೆ. ಆದರೂ ಕಮ್ಮಿ ಕಳೆದದ್ದೇಕೆ? 'ನೀರು ಕುಡಿದು ಬಾಮ್ಮ' ಎಂದು ಸ್ಕ್ಯಾನಿಂಗ್‌ಗೆ ಮುಂಚೆ ಹೇಳುವುದನ್ನು ನೆನಪಿಸಿಕೊಳ್ಳಿ. ತುಂಬಿದ ಮೂತ್ರಕೋಶ, ಮಗುವಿನ ಸುತ್ತಲ ನೀರು ದಾರಿಯಲ್ಲಿದ್ದರೆ ಸದ್ದು ಅಷ್ಟಾಗಿ ಕುಗ್ಗದು. ಆದ್ದರಿಂದ ಲೆಕ್ಕ ಎಚ್ಚರದ ಕಡೆಗೇ ವಾಲಿದೆ. ಹಾಗಿದ್ದೂ ಎಲ್ಲರ ಹೊಟ್ಟೆಗೂ ಒಂದೇ ಲೆಕ್ಕ ಸರಿಹೊಂದದು. ತೆಳ್ಳಗಿನ ತಾಯಿಯಲ್ಲಿ ದಾರಿಯ ಬಹುಪಾಲು ನೀರೇ ಇದ್ದರೆ, ನಿಜದ ತೀವ್ರತೆ ಅಂದಾಜನ್ನು ಮೀರಬಹುದು.

ದೊಡ್ಡ ತಿರುವು ಬಂದದ್ದು 1993ರಲ್ಲಿ. ಗರ್ಭದ ಸ್ಕ್ಯಾನಿಂಗ್‌ಗೆ ಚದರ ಸೆಂಟಿಮೀಟರಿಗೆ 94 ಮಿಲಿವ್ಯಾಟ್ ಇದ್ದ ಮಿತಿಯನ್ನು ಅಮೆರಿಕ 720ಕ್ಕೆ ಏರಿಸಲು ಒಪ್ಪಿತು. ಅದಕ್ಕೊಂದು ಷರತ್ತು: ಬಿಸಿಯ ಸೂಚ್ಯಂಕ ಮತ್ತು ಒತ್ತಡದ ಸೂಚ್ಯಂಕ ಪರದೆಯ ಮೇಲೆ ಕಾಣಬೇಕು. ಅಲ್ಲಿಯವರೆಗೆ ಕಾರ್ಖಾನೆಯ ಮಿತಿ ಕಾಯುತ್ತಿದ್ದ ಮಗುವನ್ನು ಈಗ ಬಹುಪಾಲು ಕಾಯುವುದು ಯಂತ್ರ ಹಿಡಿದವರ ಕಣ್ಣು, ಕೈ.

ಇದನ್ನು ನಾವು ಬರೆದದ್ದು ಹೆದರಿಸಲಿಕ್ಕಲ್ಲ. ವೈದ್ಯರು ಬರೆದುಕೊಟ್ಟ ಸ್ಕ್ಯಾನಿಂಗ್ ತಪ್ಪಿಸಬೇಡಿ. ಆದರೆ ಮಗುವಿನ ಮುಖ ಇನ್ನೊಂದಿಷ್ಟು ಹೊತ್ತು ನೋಡೋಣ ಎಂದು ಎಳೆಯುವುದು ಬೇಡ. ಪರದೆಯ ಆ ಅಂಕಿ ನಿಮ್ಮ ಹೊಟ್ಟೆಯೊಳಗೆ ಅಳೆದದ್ದಲ್ಲ, ತೊಟ್ಟಿಯ ನೀರಿನಿಂದ ಕಟ್ಟಿದ ಅಂದಾಜು. ಬೇಕಾದಷ್ಟು ಮಾತ್ರ, ಬೇಕಾದಷ್ಟು ಹೊತ್ತು ಮಾತ್ರ ಎಂಬ ನಿಯಮ ಪಾಲಿಸಬೇಕಾದದ್ದು ಅದಕ್ಕೇ.