ಕೊರಿಯನ್ ಬಲ್ಲವರು ಯಾರಿದ್ದೀರಿ?

ರಾತ್ರಿಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ನನ್ನ ಪಾಲಿಗೆ, ಸಾನಪಾಡಾದಲ್ಲಿ ಕೂತು ಕೊರಿಯನ್ ದುಭಾಷಿಯನ್ನು ಹುಡುಕುವ ಕೆಲಸ ಬಂದೀತೆಂದು ಎಣಿಸಿರಲಿಲ್ಲ. ನಮ್ಮ ಬಿಲ್ಡಿಂಗಿನ ಕಾರವಾರದ ಅಕ್ಕನೊಬ್ಬರ ಮಗ ಹಡಗಿನಲ್ಲಿದ್ದ. ಹಡಗು ಕಟ್ಟುವ ಹಗ್ಗ ಕೈಬಿಟ್ಟು ಅವನ ತೋಳು ಜಖಂ ಆಯಿತು. ಕೊರಿಯನ್ ಅಧಿಕಾರಿ ಬರೆದ ವರದಿಗೆ ಕಂಪನಿಯವರು ಕೊಟ್ಟ ಇಂಗ್ಲಿಷ್ ಅನುವಾದದಲ್ಲಿ, ಹಗ್ಗ ಬಿಟ್ಟವನು ಅವನೇ ಎಂದಿತ್ತು. ಪರಿಹಾರದ ಹಣ ಆ ಒಂದು ವಾಕ್ಯದ ಮೇಲೆ ನಿಂತಿತ್ತು.

"ನಾ ಬಿಡ್ಲಿಲ್ಲ ಅಂತಾನೆ ಮಾಸ್ತರ್ರೇ. ಮೂಲದಲ್ಲಿ ಏನುಂಟು ಅಂತ ಯಾರ ಹತ್ರ ಕೇಳೂದು?"

ಮುಂಬಯಿಯಲ್ಲಿ ಸಿಗದ್ದೇನಿದೆ ಎಂದು ಊರಿನವರು ಕೇಳಬಹುದು. ಬೇಲಾಪುರದಲ್ಲಿ ಹಡಗಿಗೆ ಜನ ಕಳಿಸುವ ಆಫೀಸುಗಳು ಬೇಕಾದಷ್ಟಿವೆ. ನಾನು ಹತ್ತಿದ ಮೆಟ್ಟಿಲುಗಳಲ್ಲಿ ಕೊರಿಯನ್ ಓದುವವರು ಸಿಗಲಿಲ್ಲ. ಕೊರಿಯನ್ ಸೀರಿಯಲ್ ನೋಡಿ ಕಲಿತ ಹುಡುಗನೊಬ್ಬ ನಾಲ್ಕು ಸಾಲು ಓದಿ, "ಅವನೇ ಬಿಟ್ಟಿದ್ದು ಅಂಕಲ್" ಅಂದ. ಅಷ್ಟು ಬೇಗ ಅಂದದ್ದಕ್ಕೇ ನನಗೆ ನಂಬಿಕೆ ಬರಲಿಲ್ಲ.

ಕೊರಿಯನ್ ಮಾತಿಗೂ ನಮಗೂ ನಡುವೆ ಯಾರೋ ಒಬ್ಬ ನಿಲ್ಲಬೇಕಾದ ಈ ಫಜೀತಿ ಹೊಸದಲ್ಲ. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ. ಎಸ್. ತಿಮ್ಮಯ್ಯನವರು 1953ರಲ್ಲಿ ಇದನ್ನೇ ಹೊತ್ತವರು. ಕೊರಿಯಾ ಯುದ್ಧ ನಿಂತ ಮೇಲೆ, ಊರಿಗೆ ಮರಳಲೊಲ್ಲದ ಕೈದಿಗಳ ನಿಜವಾದ ಇಚ್ಛೆಯೇನೆಂದು ತಿಳಿಯುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರು ಅಧ್ಯಕ್ಷರು. ವಿಶ್ವಸಂಸ್ಥೆಯ ಕಡೆಯಿಂದ ಬಂದ ಇಂಥ ಕೈದಿಗಳೇ 22 ಸಾವಿರದ ಮೇಲೆ. ಹೆಚ್ಚಿನವರು ಚೀನೀಯರು, ಸುಮಾರು 7,900 ಮಂದಿ ಕೊರಿಯನ್ನರು. ನಮ್ಮ ಸೈನಿಕರು ತನ್ನ ನೆಲ ತುಳಿಯಕೂಡದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದದ್ದರಿಂದ, ಅವರನ್ನು ಹೆಲಿಕಾಪ್ಟರಿನಲ್ಲೇ ಸೇನಾರಹಿತ ಪಟ್ಟಿಗೆ ಒಯ್ದರು.

ಭಾಷೆಯ ಬಡತನ ಎಲ್ಲರಿಗೂ ಇತ್ತು. ಕೊರಿಯಾ 1910ರಿಂದ 1945ರವರೆಗೆ ಜಪಾನಿನ ಕೈಯಲ್ಲಿತ್ತಲ್ಲ, ಅದಕ್ಕೇ ಅಮೆರಿಕದ ಸೇನೆ ಜಪಾನೀ ಮೂಲದ ತನ್ನ ಸೈನಿಕರಿಂದ ಕೊರಿಯನ್ ಕೈದಿಗಳನ್ನು ಜಪಾನಿಯಲ್ಲಿ ವಿಚಾರಿಸಿದ್ದುಂಟು. ಆಯೋಗದ ಡೇರೆಯಲ್ಲಿ ಕೈದಿಯನ್ನು ಮರಳಿ ಬಾ ಎಂದು ಒಲಿಸಲು ಅವನ ಕಡೆಯವರು, ನೋಡಲು ಐದು ರಾಷ್ಟ್ರಗಳವರು, ಎಲ್ಲರ ನಡುವೆ ದುಭಾಷಿಗಳು. ಹೊರಹೋಗಲು ಎರಡು ಬಾಗಿಲು. ಒಂದು ಊರಿಗೆ, ಒಂದು ಊರು ಬೇಡವೆಂದವರಿಗೆ. ಮಾತು ಕೆಟ್ಟರೂ ಕಾಲು ಹೇಳುತ್ತಿತ್ತು. ಎರಡೂ ಕಡೆ ಬೇಡವೆಂದ 88 ಮಂದಿ 1954ರಲ್ಲಿ ನಮ್ಮವರ ಜೊತೆ ಭಾರತಕ್ಕೇ ಬಂದರು!

ನಮ್ಮ ಕಾಗದಕ್ಕೆ ಅಂಥ ಬಾಗಿಲಿರಲಿಲ್ಲ. ಕೊನೆಗೆ, ದಿಲ್ಲಿಯ ಜೆಎನ್‌ಯುನಲ್ಲಿ ಕೊರಿಯನ್ ಓದಿ ಅನುವಾದವನ್ನೇ ವೃತ್ತಿ ಮಾಡಿಕೊಂಡ ಹೆಣ್ಣುಮಗಳೊಬ್ಬಳು ಪರಿಚಯದವರ ಮೂಲಕ ಸಿಕ್ಕಳು. "ನೀವು ಯಾರ ಕಡೆಯವರು ಅಂತ ನನಗೆ ಹೇಳಬೇಡಿ" ಅಂದಳು ಮೊದಲೇ. ಅವಳ ಅನುವಾದದ ಕೆಳಗೆ ಒಂದು ಟಿಪ್ಪಣಿ ಇತ್ತು: ಹಗ್ಗ ಬಿಟ್ಟವರು ಯಾರೆಂದು ಮೂಲದಲ್ಲಿ ಇಲ್ಲ.

ನಮ್ಮಲ್ಲಿ ಬಿಟ್ಟೆ, ಬಿಟ್ಟ, ಬಿಟ್ಟರು ಎಂದರೆ ಆಳು ಗೊತ್ತಾಗುತ್ತದೆ. ಕೊರಿಯನ್ ಕ್ರಿಯಾಪದಕ್ಕೆ ಆ ಬಾಲವಿಲ್ಲ. ಕರ್ತೃವನ್ನು ಬಿಟ್ಟೂ ವಾಕ್ಯ ನಡೆಯುತ್ತದೆ. ಇಂಗ್ಲಿಷಿಗೆ ಕರ್ತೃ ಬೇಕು. ಮೊದಲಿನ ಅನುವಾದಕ ಖಾಲಿ ಜಾಗದಲ್ಲಿ ನಮ್ಮ ಹುಡುಗನನ್ನು ಕೂರಿಸಿದ್ದ!

"ಹಾಗಾರೆ ಇವ ಅಲ್ಲ ಅಂತ ಬರೆದು ಕೊಡ್ಲಿ" ಅಂದರು ಅಕ್ಕ.

"ಹಾಗೂ ಮೂಲದಲ್ಲಿಲ್ಲ, ಅಕ್ಕಾ."

ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆ ಕಾಗದವನ್ನೇ ವಕೀಲರು ಕಂಪನಿಗೆ ಕಳಿಸಿದರು. ಮುಚ್ಚಿದ್ದ ವಿಚಾರಣೆಯನ್ನು ಮತ್ತೆ ತೆರೆದರು.