ದೂರ ತಡೆಯದ ಬೀಜಾಣು: ಫ್ಲೋರಿಡಾದ ಜೌಗುಗಳಲ್ಲಿ ಲೈಗೋಡಿಯಂ ಮೈಕ್ರೋಫಿಲ್ಲಂ

ಮರಕ್ಕೆ ಹಬ್ಬುವ ಜರೀಗಿಡ ಲೈಗೋಡಿಯಂ ಮೈಕ್ರೋಫಿಲ್ಲಂನ ತವರು ಆಫ್ರಿಕಾ, ಏಷ್ಯಾ, ಉತ್ತರ ಆಸ್ಟ್ರೇಲಿಯಾಗಳ ಉಷ್ಣವಲಯ. ಭಾರತವೂ ಅದರೊಳಗೇ ಬರುತ್ತದೆ. ಫ್ಲೋರಿಡಾಕ್ಕೆ ಅದು ಬಂದದ್ದು ಅಲಂಕಾರದ ಗಿಡವಾಗಿ. 1958ರಲ್ಲಿ ಡೆಲ್‌ರೇ ಬೀಚ್‌ನ ನರ್ಸರಿಯೊಂದರಲ್ಲಿ ಅದರ ಮಾದರಿ ಸಂಗ್ರಹವಾಯಿತು. 1960ರ ದಶಕದಲ್ಲಿ ಕಾಡಿನಲ್ಲೂ ಕಂಡುಬಂತು. ಈ ಹರಡುವಿಕೆಗೆ ಬೆಚ್ಚನೆಯ ಹವೆ, ತೇವದ ನೆಲಗಳನ್ನು ಕಾರಣವಾಗಿ ಕೊಡುವುದು ರೂಢಿ. ಅಷ್ಟು ಸಾಲದು, ಬೀಜಾಣುವಿನ ಬದುಕಿನ ಕ್ರಮವನ್ನೇ ಮೊದಲು ನೋಡಬೇಕು ಎಂಬುದು ನನ್ನ ವಾದ.

ಫಲವಂತ ಕಿರುಎಲೆಯೊಂದು ಸುಮಾರು 28,000 ಬೀಜಾಣುಗಳನ್ನು ಕೊಡಬಲ್ಲದು. ಗಾಳಿ ಅವನ್ನು ಒಯ್ಯುತ್ತದೆ. ಬೀಜಾಣು ಮೊಳೆತು ಆಗುವ ಪುಟ್ಟ ಲಿಂಗಾಣುಜನಕದಲ್ಲಿ ಗಂಡು, ಹೆಣ್ಣು ಅಂಗಗಳೆರಡೂ ಮೂಡಿ ಸ್ವನಿಷೇಚನವಾಗಬಹುದು. ಎಂದರೆ, ಒಂದೇ ಬೀಜಾಣು ಬಿದ್ದರೂ ಹೊಸ ನೆಲೆ ಶುರುವಾದೀತು. ಎವರ್‌ಗ್ಲೇಡ್ಸ್‌ನ ಉತ್ತರ ಭಾಗದಲ್ಲಿರುವ ಲಾಕ್ಸಹ್ಯಾಚೀ ವನ್ಯಜೀವಿಧಾಮದ ಮರದ್ವೀಪಗಳು ಹೀಗೆಯೇ ತುತ್ತಾದವು. ಸುತ್ತಲಿನ ಜೌಗು ಬೇರೆ ಗಿಡಗಳಿಗೆ ಅಡ್ಡಿಯಾದೀತು, ಈ ಜರಿಗೆ ಆಗಲಿಲ್ಲ.

ಮರದ ಮೇಲೆ ಬಳ್ಳಿಯಂತೆ ಕಾಣುವುದು ವಾಸ್ತವದಲ್ಲಿ ಎಲೆ. ಕಾಂಡ ಮಣ್ಣಿನೊಳಗಿರುತ್ತದೆ, ತುದಿಯ ಬೆಳವಣಿಗೆ ನಿಲ್ಲದ ಎಲೆಯ ನಡುದಂಟು 30 ಮೀಟರ್‌ವರೆಗೂ ಮೇಲೇರುತ್ತದೆ. ಒಣಗಿದ ಎಲೆಗಳು ಕಳಚದೆ ಕಂಬಳಿಯ ಹಾಗೆ ಗಿಡಮರಗಳನ್ನು ಮುಚ್ಚುತ್ತವೆ, ಕೆಳಗಿನ ಸಸಿಗಳಿಗೆ ಬೆಳಕು ಸಿಗದು. ಇದಕ್ಕಿಂತ ಘೋರವಾದುದು ಬೆಂಕಿ. ಸೈಪ್ರೆಸ್ ಮರಗಳ ತೇವದ ತೋಪಿನ ಅಂಚಿನಲ್ಲಿ ಆರಬೇಕಾದ ನೆಲದ ಕಿಚ್ಚು ಈ ಒಣ ಜರಿಯನ್ನು ಹಿಡಿದು ನೆತ್ತಿಗೇರುತ್ತದೆ. ಹೊತ್ತಿದ ತುಣುಕುಗಳು ಗಾಳಿಗೆ ಹಾರಿ ಬೇರೆಡೆಯೂ ಕಿಚ್ಚು ಹಚ್ಚುತ್ತವೆ. ಸುಟ್ಟ ಮೇಲೂ ಮಣ್ಣಿನ ಕಾಂಡದಿಂದ ಜರಿ ಮತ್ತೆ ಚಿಗುರುತ್ತದೆ, ಮರಕ್ಕೆ ಆ ಭಾಗ್ಯವಿಲ್ಲ.

ದಂಟುಗಳನ್ನು ಸೊಂಟದೆತ್ತರದಲ್ಲಿ ಕಡಿದು ಬುಡಕ್ಕೆ ಕಳೆನಾಶಕ ಸಿಂಪಡಿಸುವುದು ಈಗಿನ ಪದ್ಧತಿ. ಜರಿಯ ಎಲೆ ತಿನ್ನುವ ನಿಯೋಮ್ಯುಸೋಟಿಮಾ ಪತಂಗವನ್ನು 2008ರಿಂದ ಬಿಡಲಾಗಿದೆ, ಅದು ಅಲ್ಲಿ ನೆಲೆಯೂರಿದೆ. ಎರಡೂ ಬೇಕು. ಆದರೆ ಇವು ಕಣ್ಣಿಗೆ ಬಿದ್ದ ನೆಲೆಗಳಿಗೆ ಮದ್ದು. ಉತ್ತರದ ಹಿಮ ಈ ಜರಿಯನ್ನು ಒಂದಿಷ್ಟು ತಡೆದಿದೆ. ಹೊಸ ನೆಲೆಗೆ ಒಂದೇ ಬೀಜಾಣು ಸಾಕಾದ್ದರಿಂದ, ಹರಡುವಿಕೆಯ ಆ ಉತ್ತರದ ಅಂಚಿನಲ್ಲಿ ಸಮೀಕ್ಷೆ ಮಾಡುವವರು ದಟ್ಟ ನೆಲೆಗಳ ನೆರೆಯನ್ನಷ್ಟೇ ಹುಡುಕಿದರೆ ಸಾಲದು, ದೂರದ ಒಂಟಿ ಜೌಗುಗಳಿಗೂ ಮೊದಲ ಸುತ್ತಿನಲ್ಲೇ ಹೋಗಬೇಕು.