ಮೊದಲ ಮುದ್ರಣದ ಬೆಲೆ

ಹಳೆಯ ಪುಸ್ತಕವೆಲ್ಲ ಮೊದಲ ಮುದ್ರಣವಲ್ಲ. ಇದಕ್ಕೆ ಸರ್ ಸಯ್ಯಿದ್ ಅಹ್ಮದ್ ಖಾನರ ‘ಆಸಾರುಸ್ಸನಾದೀದ್’ ಒಳ್ಳೆಯ ನಿದರ್ಶನ. ದಿಲ್ಲಿಯ ಕಟ್ಟಡಗಳನ್ನು ಕುರಿತ ಈ ಉರ್ದು ಗ್ರಂಥವು 1847ರಲ್ಲಿ ಕಲ್ಲಚ್ಚಿನಲ್ಲಿ ಹೊರಬಂತು. 1854ರಲ್ಲಿ ಅವರೇ ಅದನ್ನು ಪರಿಷ್ಕರಿಸಿ ಮತ್ತೆ ಪ್ರಕಟಿಸಿದರು.

ಇವೆರಡನ್ನು ಗುರುತಿಸುವುದು ಹೇಗೆ? ಮೊದಲನೆಯದರಲ್ಲಿ ನೂರಕ್ಕೂ ಹೆಚ್ಚು ಚಿತ್ರಗಳಿವೆ, ಭಾಷೆ ಆಲಂಕಾರಿಕ. ದಿಲ್ಲಿಯ ಸೂಫಿಗಳು, ವಿದ್ವಾಂಸರು, ಹಕೀಮರು, ಕವಿಗಳನ್ನು ಪರಿಚಯಿಸುವ ನಾಲ್ಕನೆಯ ಅಧ್ಯಾಯವೂ ಇದೆ. ಎರಡನೆಯದರಲ್ಲಿ ಭಾಷೆ ಸರಳವಾಯಿತು, ಆ ಅಧ್ಯಾಯವನ್ನು ಕೈಬಿಡಲಾಯಿತು. ಆದ್ದರಿಂದ ಇಸವಿ ಇರುವ ಪುಟ ಹರಿದುಹೋಗಿದ್ದರೂ ಒಳಗಿನ ಪುಟಗಳೇ ಸಾಕ್ಷಿ ಹೇಳುತ್ತವೆ.

1857ರ ಸಮರದ ನಂತರ ಬ್ರಿಟಿಷರು ಕೆಂಪುಕೋಟೆಯ ಸುತ್ತಲಿನ ಅನೇಕ ಕಟ್ಟಡಗಳನ್ನು ಕೆಡವಿದರು. ಅಕ್ಬರಾಬಾದಿ ಮಸೀದಿಯೂ ಆಗ ನೆಲಸಮವಾಯಿತು. ಅದರ ರೂಪ ಇಂದಿಗೂ ನಮಗೆ ತಿಳಿದಿರುವುದರಲ್ಲಿ ಈ ಗ್ರಂಥದ ಪಾಲು ದೊಡ್ಡದು. ಮೊದಲ ಮುದ್ರಣದ ನಿಜವಾದ ಬೆಲೆ ಇದೇ. ಸಂಗ್ರಾಹಕರು ಕೊಡುವ ಹಣವಾದರೋ ಪುಟಗಳು, ಚಿತ್ರಗಳು ಪೂರ್ಣವಾಗಿವೆಯೇ ಎಂಬುದನ್ನು ಅವಲಂಬಿಸಿದೆ.

ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಅಜ್ಜನ ಕಾಲದ ಪುಸ್ತಕಗಳಿರಬಹುದು. ರದ್ದಿಗೆ ಹಾಕುವ ಮುನ್ನ ಬಲ್ಲವರಿಗೆ ಒಮ್ಮೆ ತೋರಿಸಿ. ಕಟ್ಟಡ ಬಿದ್ದರೂ ಪುಸ್ತಕ ಉಳಿಯಿತು; ಪುಸ್ತಕವೂ ಹೋದರೆ ಉಳಿಯುವುದೇನು?